ನಿಮಗಿದು ಗೊತ್ತೇ? ಬೀರು ಸೇರಿದ ಕಿವಿ ಮಷಿನ್ ಕೆಟ್ಟಿರಲಿಕ್ಕಿಲ್ಲ!

ಮನೆಯ ಹಿರಿಯರಿಗೆಂದು ಸಾವಿರಾರು ರೂಪಾಯಿ ಕೊಟ್ಟು ತಂದ ಶ್ರವಣ ಸಾಧನ ಕೆಲವೇ ತಿಂಗಳಲ್ಲಿ ಬೀರು ಸೇರುವುದು ನಮ್ಮಲ್ಲಿ ಹೊಸದೇನಲ್ಲ. ‘ಕುಯ್ ಅನ್ನುತ್ತೆ’, ‘ಬರೀ ಗದ್ದಲ ಕೇಳಿಸುತ್ತೆ’, ‘ಸೆಲ್ ನಿಲ್ಲಲ್ಲ’ ಎನ್ನುವುದೇ ಎಲ್ಲರ ದೂರು. ಇವುಗಳಲ್ಲಿ ಎಷ್ಟೋ ತೊಂದರೆಗಳನ್ನು ಮನೆಯಲ್ಲೇ ಸರಿಪಡಿಸಬಹುದು, ಉಳಿದವನ್ನು ಶ್ರವಣ ತಜ್ಞರು, ಅಂದರೆ ಆಡಿಯಾಲಜಿಸ್ಟ್, ಸರಿಪಡಿಸುತ್ತಾರೆ. ಕಿವಿ ಮಷಿನ್ ಎಂದು ನಾವು ಕರೆಯುವ ಈ ಪುಟ್ಟ ಯಂತ್ರದ ಬಗ್ಗೆ ಬಳಸುವವರೂ ಅವರ ಮನೆಯವರೂ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಕಿವಿಯೊಳಗೆ ಏನಾಗಿರುತ್ತದೆ?

● ಒಳಗಿವಿಯ ಸುರುಳಿಯಲ್ಲಿ, ಅಂದರೆ ಕಾಕ್ಲಿಯಾದಲ್ಲಿ, ಸುಮಾರು 15 ಸಾವಿರ ರೋಮಕೋಶಗಳಿರುತ್ತವೆ. ಶಬ್ದದ ಕಂಪನವನ್ನು ನರಕ್ಕೆ ಮುಟ್ಟಿಸುವುದು ಇವುಗಳ ಕೆಲಸ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದರೆ ಕೋಳಿ ಮತ್ತಿತರ ಹಕ್ಕಿಗಳಲ್ಲಿ ಇವು ಮರಳಿ ಬೆಳೆಯುತ್ತವೆ.

● ವಯಸ್ಸಾದಂತೆ ಮೊದಲು ಸೊರಗುವುದು ಕೀಚಲು ದನಿಗಳನ್ನು, ಅಂದರೆ ಹೆಚ್ಚಿನ ಆವರ್ತನದ ಶಬ್ದಗಳನ್ನು, ಹಿಡಿಯುವ ರೋಮಕೋಶಗಳು. ಸ್ವರಗಳು ತಗ್ಗಿನ ದನಿಯಲ್ಲಿ ಗಟ್ಟಿಯಾಗಿ ಬರುತ್ತವೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಮೇಲಿನ ದನಿಯಲ್ಲಿ ಮೆತ್ತಗೆ ಬರುತ್ತವೆ. ಹೀಗಾಗಿ ‘ಕಪ್ಪು’ ಎಂದರೆ ‘ತಪ್ಪು’ ಎಂದು ಕೇಳಿಸುತ್ತದೆ, ‘ಸೊಪ್ಪು’ ಎಂದರೆ ‘ಒಪ್ಪು’ ಎಂದು ಕೇಳಿಸುತ್ತದೆ. ‘ನೀನು ಮಾತಾಡೋದು ಕೇಳಿಸುತ್ತೆ ಕಣೋ, ಏನಂತ ಗೊತ್ತಾಗಲ್ಲ’ ಎಂದು ಅಜ್ಜಿ ಹೇಳಿದರೆ ಅದು ಅಕ್ಷರಶಃ ನಿಜ. ಬೇಕಾದ್ದಷ್ಟೇ ಕಿವಿಗೆ ಬೀಳುತ್ತದೆ ಎಂದು ಅವರನ್ನು ಹಂಗಿಸುವುದು ಅನ್ಯಾಯ.

● ಕಿವಿ ಶಬ್ದವನ್ನು ಕೇಳುವುದಷ್ಟೇ ಅಲ್ಲ, ತಾನೂ ಬಲು ಸಣ್ಣ ಶಬ್ದ ಹೊರಡಿಸುತ್ತದೆ! ಇದನ್ನು 1978ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ವಿಜ್ಞಾನಿ ಡೇವಿಡ್ ಕೆಂಪ್. ಇಂದು ಹಸುಗೂಸುಗಳಿಗೆ ಮಾಡುವ ಓಎಇ ಪರೀಕ್ಷೆ ನಿಂತಿರುವುದು ಇದರ ಮೇಲೆಯೇ. ಮಗು ನಿದ್ದೆಯಲ್ಲಿದ್ದಾಗಲೇ ಕೆಲವು ನಿಮಿಷಗಳಲ್ಲಿ ಪರೀಕ್ಷೆ ಮುಗಿಯುತ್ತದೆ.

● ಒಂದೆರಡು ದಿನದೊಳಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದು ತುರ್ತು ಸ್ಥಿತಿ. ‘ನೆಗಡಿ ಇರಬೇಕು, ತಾನಾಗಿ ಬಿಡುತ್ತೆ’ ಎಂದು ಕಾಯಬೇಡಿ. ಅದೇ ದಿನ ಇಎನ್‌ಟಿ ವೈದ್ಯರನ್ನು ಕಾಣಿ. ಚಿಕಿತ್ಸೆ ಬೇಗ ಶುರುವಾದಷ್ಟೂ ಕೇಳ್ಮೆ ಮರಳುವ ಸಾಧ್ಯತೆ ಹೆಚ್ಚು.

● ಶ್ರವಣ ಪರೀಕ್ಷೆಯ ಫಲಿತಾಂಶ ತೋರಿಸುವ ಆಡಿಯೋಗ್ರಾಂ ಚೀಟಿಯಲ್ಲಿ ಕೆಂಪು ಸೊನ್ನೆಗಳು ಬಲಗಿವಿಯದ್ದು, ನೀಲಿ ಗುಣಾಕಾರ ಚಿಹ್ನೆಗಳು ಎಡಗಿವಿಯದ್ದು. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ ಎಂದರ್ಥ. ಶ್ರವಣ ಸಾಧನದ ಮೇಲೂ ಇದೇ ಗುರುತು: ಕೆಂಪು ಚುಕ್ಕೆ ಬಲಕ್ಕೆ, ನೀಲಿ ಚುಕ್ಕೆ ಎಡಕ್ಕೆ.

● ಡೆಸಿಬಲ್ ಲೆಕ್ಕ ಸಾಮಾನ್ಯ ಲೆಕ್ಕದಂತಲ್ಲ. 10 ಡೆಸಿಬಲ್ ಹೆಚ್ಚಾಯಿತೆಂದರೆ ಶಬ್ದದ ಶಕ್ತಿ 10 ಪಟ್ಟಾಯಿತೆಂದರ್ಥ, 20 ಹೆಚ್ಚಾದರೆ 100 ಪಟ್ಟು. ಚೀಟಿಯಲ್ಲಿ ‘ಬರೀ 20 ಡೆಸಿಬಲ್ ವ್ಯತ್ಯಾಸ’ ಎಂದು ಕಂಡರೆ ಅದನ್ನು ಹಗುರವಾಗಿ ಕಾಣಬೇಡಿ.

ಯಂತ್ರದೊಳಗೆ ಏನಿದೆ?

● ಶ್ರವಣ ಸಾಧನದ ಅಂಗಗಳು ಮುಖ್ಯವಾಗಿ ನಾಲ್ಕು: ಶಬ್ದ ಹಿಡಿಯುವ ಮೈಕ್, ಅದನ್ನು ತಿದ್ದಿ ಹಿಗ್ಗಿಸುವ ಚಿಪ್, ಕಿವಿಗೆ ಬಿಡುವ ಪುಟ್ಟ ಸ್ಪೀಕರ್ ಮತ್ತು ಸೆಲ್. ಆ ಸ್ಪೀಕರಿಗೆ ಈ ಕ್ಷೇತ್ರದವರು ‘ರಿಸೀವರ್’ ಎನ್ನುತ್ತಾರೆ. ರಿಪೇರಿಯವರು ‘ರಿಸೀವರ್ ಹೋಗಿದೆ’ ಎಂದರೆ ಕೆಟ್ಟಿರುವುದು ಸ್ಪೀಕರ್ ಎಂದು ತಿಳಿಯಿರಿ.

● ಡಿಜಿಟಲ್ ಸಾಧನ ಎಲ್ಲ ಶಬ್ದವನ್ನೂ ಒಂದೇ ಸಮ ಜೋರು ಮಾಡುವುದಿಲ್ಲ. ನಿಮ್ಮ ಆಡಿಯೋಗ್ರಾಂನಲ್ಲಿ ಯಾವ ಆವರ್ತನ ಎಷ್ಟು ಕುಗ್ಗಿದೆಯೋ ಅಲ್ಲಿ ಅಷ್ಟು ಮಾತ್ರ ಹೆಚ್ಚಿಸುವಂತೆ ಕಂಪ್ಯೂಟರಿಗೆ ಜೋಡಿಸಿ ಹೊಂದಿಸಿರುತ್ತಾರೆ. ಆದ್ದರಿಂದ ತೀರಿಕೊಂಡ ತಾತನ ಮಷಿನನ್ನು ದೊಡ್ಡಪ್ಪ ಹಾಗೆಯೇ ಹಾಕಿಕೊಳ್ಳಬಾರದು. ಮರುಬಳಕೆ ಮಾಡುವುದಾದರೆ ಹೊಸ ಪರೀಕ್ಷೆ ಆಗಬೇಕು, ಹೊಸ ಮೋಲ್ಡ್ (ಕಿವಿಯ ಅಳತೆಗೆ ಮಾಡಿ ಅದರೊಳಗೆ ಕೂರಿಸುವ ಅಚ್ಚು) ಬೇಕು, ಮರುಹೊಂದಾಣಿಕೆ ಆಗಬೇಕು.

● ಪಕ್ಕದಿಂದ ಬಂದ ಶಬ್ದ ಒಂದು ಕಿವಿಯನ್ನು ಮುಟ್ಟಿದ ಮೇಲೆ ಇನ್ನೊಂದನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ಮುಟ್ಟುತ್ತದೆ. ಆ ಅಂತರವನ್ನೇ ಹಿಡಿದು ಮೆದುಳು ‘ಹಾರನ್ ಎಡಗಡೆಯಿಂದ’ ಎಂದು ಹೇಳುತ್ತದೆ. ಎರಡೂ ಕಿವಿ ಮಂದವಾಗಿದ್ದರೆ ವೈದ್ಯರು ಎರಡಕ್ಕೂ ಸಾಧನ ಹೇಳುವುದು ಇದಕ್ಕಾಗಿ. ರಸ್ತೆ ದಾಟುವಾಗ ಅದು ಜೀವ ಉಳಿಸುತ್ತದೆ.

● ಸಾಧನ ಹಾಕಿದರೆ ಇರುವ ಕೇಳ್ಮೆಯೂ ಹೋಗುತ್ತದೆ ಎನ್ನುವುದು ತಪ್ಪು ನಂಬಿಕೆ. ಪರೀಕ್ಷೆ ಮಾಡಿ ಸರಿಯಾಗಿ ಹೊಂದಿಸಿದ ಸಾಧನ ಕಿವಿಯನ್ನು ಕೆಡಿಸುವುದಿಲ್ಲ. ಪರೀಕ್ಷೆಯೇ ಇಲ್ಲದೆ ಅಗ್ಗಕ್ಕೆ ತಂದ, ಎಲ್ಲವನ್ನೂ ಜೋರು ಮಾಡುವ ಯಂತ್ರದ ಮಾತು ಬೇರೆ.

ಮೊದಲ ವಾರಗಳು

● ಹೊಸದಾಗಿ ಹಾಕಿಕೊಂಡವರಿಗೆ ಫ್ಯಾನಿನ ಗಾಳಿ, ಪೇಪರ್ ಮಡಚುವ ಸದ್ದು, ನಲ್ಲಿ ನೀರು, ತಮ್ಮದೇ ಚಪ್ಪಲಿ ಸಪ್ಪಳ ಎಲ್ಲವೂ ತಲೆನೋವು ತರಿಸುತ್ತವೆ. ವರ್ಷಗಟ್ಟಲೆ ಈ ಶಬ್ದಗಳಿಂದ ದೂರವಿದ್ದ ಮೆದುಳಿಗೆ ಯಾವುದನ್ನು ಬದಿಗಿಡಬೇಕೆಂದು ಮತ್ತೆ ಕಲಿಯಲು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಬೇಕು. ಮೊದಲ ವಾರದಲ್ಲೇ ಬೀರು ಸೇರುವ ಮಷಿನ್‌ಗಳು ಸೋಲುವುದು ಇಲ್ಲಿಯೇ.

● ಅಭ್ಯಾಸಕ್ಕೊಂದು ಕ್ರಮವಿದೆ. ಮೊದಲು ಮನೆಯೊಳಗೆ, ಒಬ್ಬರೊಂದಿಗೆ, ಟಿ.ವಿ. ಆರಿಸಿ ಮಾತು. ಆಮೇಲೆ ಇಬ್ಬರು ಮೂವರೊಂದಿಗೆ. ಆಮೇಲೆ ಟಿ.ವಿ., ಫೋನು. ಸಂತೆ, ಬಸ್ ನಿಲ್ದಾಣ, ಕಲ್ಯಾಣ ಮಂಟಪ ಎಲ್ಲಕ್ಕಿಂತ ಕೊನೆಗೆ. ದಿನಕ್ಕೆ ಕೆಲವು ಗಂಟೆಯಿಂದ ಶುರು ಮಾಡಿ, ಎದ್ದಿರುವಷ್ಟು ಹೊತ್ತೂ ಹಾಕಿಕೊಳ್ಳುವ ಮಟ್ಟಕ್ಕೆ ಬರಬೇಕು.

● ‘ನನ್ನ ದನಿ ನನಗೇ ಹಂಡೆಯೊಳಗಿಂದ ಬಂದಂತಿದೆ’ ಎನ್ನುವುದು ಬಹಳ ಜನರ ದೂರು. ಕಿವಿ ನಾಳ ಮುಚ್ಚಿಕೊಂಡಾಗ ಮೂಳೆಯ ಮೂಲಕ ಬರುವ ಸ್ವಂತ ದನಿ ಹೊರಹೋಗದೆ ಒಳಗೇ ಗುಂಯ್‌ಗುಡುತ್ತದೆ. ಮೋಲ್ಡಿನಲ್ಲಿ ಸಣ್ಣ ಗಾಳಿರಂಧ್ರ ಕೊರೆದೋ, ಇಯರ್ ಟಿಪ್ ಬದಲಿಸಿಯೋ ಇದನ್ನು ತಗ್ಗಿಸಬಹುದು. ಹೇಳದೆ ಸಹಿಸಿಕೊಂಡು ಕೂರಬೇಡಿ.

● ಮೊದಲ ಭೇಟಿಯಲ್ಲೇ ಎಲ್ಲ ಸರಿಹೋಗುವುದು ಅಪರೂಪ. ಎರಡು ಮೂರು ಸಲ ಹೋಗಿ ಹೊಂದಿಸಿಕೊಳ್ಳುವುದು ಚಿಕಿತ್ಸೆಯದೇ ಭಾಗ. ಹೋಗುವಾಗ ‘ಸರಿಯಿಲ್ಲ’ ಎಂದಷ್ಟೇ ಹೇಳದೆ, ‘ಪಾತ್ರೆ ಸದ್ದು ಚುಚ್ಚುತ್ತದೆ’, ‘ಮೊಮ್ಮಗಳ ಮಾತು ತಿಳಿಯುವುದಿಲ್ಲ’ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಡಿಯಾಲಜಿಸ್ಟಿಗೆ ಬೇಕಾದ ಮಾಹಿತಿ ಇದೇ.

● ಹೋಟೆಲಿನಲ್ಲೋ ಮದುವೆ ಮನೆಯಲ್ಲೋ ಗದ್ದಲಕ್ಕೆ ಬೆನ್ನು ಹಾಕಿ ಕೂತು, ಮಾತಾಡುವವರನ್ನು ಎದುರಿಗೆ ಕೂರಿಸಿಕೊಳ್ಳಿ. ಇಂದಿನ ಬಹುತೇಕ ಸಾಧನಗಳ ಮೈಕ್‌ಗಳು ಮುಂದಿನ ಶಬ್ದಕ್ಕೆ ಆದ್ಯತೆ ಕೊಟ್ಟು ಹಿಂದಿನದನ್ನು ತಗ್ಗಿಸಬಲ್ಲವು.

ಸೆಲ್ ಸಮಾಚಾರ

● ಸೆಲ್ಲಿನ ಮೇಲಿನ ಸ್ಟಿಕರ್ ಬಣ್ಣವೇ ಅದರ ಅಳತೆ. ಹಳದಿ ಎಂದರೆ 10, ಕಂದು 312, ಕಿತ್ತಳೆ 13, ನೀಲಿ 675. ಯಾವ ಕಂಪನಿಯದ್ದಾದರೂ ಬಣ್ಣದ ಲೆಕ್ಕ ಇದೇ. ಓದು ಬಾರದ ಹಿರಿಯರೂ ಬಣ್ಣ ನೋಡಿ ಅಂಗಡಿಯಲ್ಲಿ ಕೇಳಿ ತರಬಹುದು.

● 312 ಮತ್ತು 13ನೇ ಸೆಲ್‌ಗಳ ಅಗಲ ಒಂದೇ, 7.9 ಮಿಲಿಮೀಟರ್. ಬೇರೆಯಾಗುವುದು ದಪ್ಪ: ಒಂದು 3.6, ಇನ್ನೊಂದು 5.4 ಮಿ.ಮೀ. ಕಂದು ಸೆಲ್ ಬೇಕಾದ ಕಡೆ ಕಿತ್ತಳೆಯದನ್ನು ತುರುಕಿ ಬಾಗಿಲು ಒತ್ತಿದರೆ ಬಾಗಿಲೇ ಮುರಿಯುತ್ತದೆ. ಬಾಗಿಲು ಸಲೀಸಾಗಿ ಮುಚ್ಚದಿದ್ದರೆ ಸೆಲ್ ತಪ್ಪಿದೆ ಅಥವಾ ತಲೆಕೆಳಗಾಗಿದೆ ಎಂದೇ ಅರ್ಥ.

● ಇವು ಜಿಂಕ್-ಏರ್ ಸೆಲ್‌ಗಳು, ಗಾಳಿಯ ಆಮ್ಲಜನಕದಿಂದ ವಿದ್ಯುತ್ ಮಾಡುವಂಥವು. ಸ್ಟಿಕರ್ ಕಿತ್ತು ಬೆಳಕಿಗೆ ಹಿಡಿದರೆ ಪ್ಲಸ್ ಗುರುತಿನ ಮುಖದಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ. ಗಾಳಿ ಒಳಹೋಗುವುದು ಅಲ್ಲಿಂದಲೇ. ಸ್ಟಿಕರ್ ಕಿತ್ತ ಕೂಡಲೇ ಮಷಿನಿಗೆ ಹಾಕದೆ, ರಂಧ್ರ ಮೇಲಾಗಿಟ್ಟು ಎರಡು ಮೂರು ನಿಮಿಷ ಬಿಡಿ. ಗಾಳಿ ಸರಿಯಾಗಿ ಸೇರಿದ ಮೇಲೆ ಹಾಕಿದರೆ ಸೆಲ್ ಪೂರ್ಣ ಬಲದಿಂದ ಕೆಲಸ ಶುರು ಮಾಡುತ್ತದೆ.

● ಸ್ಟಿಕರ್ ಮತ್ತೆ ಅಂಟಿಸಿದರೆ ಸೆಲ್ ಉಳಿಯುತ್ತದೆಯೇ? ಇಲ್ಲ. ಒಮ್ಮೆ ಗಾಳಿ ಸೇರಿತೆಂದರೆ ಬಳಸಲಿ ಬಿಡಲಿ ಸೆಲ್ ಕೆಲವು ವಾರಗಳಲ್ಲಿ ಸೋರಿಹೋಗುತ್ತದೆ. ಬೇಕಾದಾಗ ಮಾತ್ರ, ಒಂದೊಂದನ್ನೇ ತೆರೆಯಿರಿ.

● ಜಿಂಕ್-ಏರ್ ಸೆಲ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಕೊಟ್ಟು, ಆಮೇಲೆ ಥಟ್ಟನೆ ನಿಲ್ಲುತ್ತದೆ. ಮಾತಿನ ನಡುವೆ ಮಷಿನ್ ಸತ್ತುಹೋಗುವುದು ಇದರಿಂದಲೇ. ಜೇಬಲ್ಲೋ ಪರ್ಸಿನಲ್ಲೋ ಒಂದು ಸ್ಟ್ರಿಪ್ ಯಾವಾಗಲೂ ಇರಲಿ.

● ಆದರೆ ಬಿಡಿ ಸೆಲ್ಲನ್ನು ಚಿಲ್ಲರೆ, ಬೀಗದ ಕೈ ಜೊತೆ ಹಾಕಬೇಡಿ. ಲೋಹ ತಾಗಿ ಶಾರ್ಟ್ ಆಗಿ ಖಾಲಿಯಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬಾಳಿಕೆ ಹೆಚ್ಚು ಎನ್ನುವುದೂ ಸುಳ್ಳು, ಅಲ್ಲಿನ ತೇವದಿಂದ ಹಾಳಾಗುತ್ತದೆ.

● ಗುಂಡಿ ಸೆಲ್ ನುಂಗಿದರೆ ಅಪಾಯ. ಮಾತ್ರೆ ಎಂದು ತಿಳಿದು ಹಿರಿಯರು ನುಂಗುವುದುಂಟು, ಮಕ್ಕಳು ಬಾಯಿಗೆ, ಮೂಗಿಗೆ ಹಾಕಿಕೊಳ್ಳುವುದುಂಟು. ಸೆಲ್‌ಗಳನ್ನು ಮಾತ್ರೆ ಡಬ್ಬಿಯ ಪಕ್ಕದಲ್ಲಿ ಇಡಲೇಬೇಡಿ. ನುಂಗಿರುವ ಅನುಮಾನ ಬಂದರೂ ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

● ಅಂಗಿ ಜೇಬಿಗೆ ಸಿಕ್ಕಿಸುವ ಹಳೆಯ ಪಾಕೆಟ್ ಮಾಡೆಲ್‌ಗೆ ಸಾಮಾನ್ಯವಾಗಿ ಪೆನ್ಸಿಲ್ ಸೆಲ್ಲೇ ಸಾಕು. ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ, ನಡುಗುವ ಕೈಯಲ್ಲೂ ಬದಲಿಸಬಹುದು. ಸಣ್ಣ ಸೆಲ್ ಹಿಡಿಯಲಾಗದವರಿಗೆ ರೀಚಾರ್ಜ್ ಮಾಡುವ ಮಾದರಿಯೂ ಒಳ್ಳೆಯದು. ರಾತ್ರಿ ಚಾರ್ಜರ್ ಡಬ್ಬಿಯಲ್ಲಿಟ್ಟರೆ ಬೆಳಿಗ್ಗೆಗೆ ಸಿದ್ಧ.

ಗುಗ್ಗೆ, ಬೆವರು, ಮಳೆ

● ರಿಪೇರಿಗೆ ಬರುವ ಸಾಧನಗಳಿಗೆ ದೊಡ್ಡ ಶತ್ರುಗಳು ಎರಡು: ಕಿವಿಯ ಗುಗ್ಗೆ ಮತ್ತು ತೇವ. ‘ಮಷಿನ್ ಸತ್ತಿದೆ’ ಎಂದು ತಂದದ್ದು ಎಷ್ಟೋ ಸಲ ಗುಗ್ಗೆ ತೆಗೆದ ಮರುಕ್ಷಣ ಮಾತಾಡುತ್ತದೆ.

● ಗುಗ್ಗೆ ಕೊಳೆಯಲ್ಲ. ಕಿವಿನಾಳದ ಚರ್ಮವನ್ನು ಕಾಯುವ ಮೇಣ ಅದು. ನಾಳದ ಚರ್ಮ ಒಳಗಿನಿಂದ ಹೊರಗೆ ತಾನಾಗಿ ಸರಿಯುತ್ತ ಅದನ್ನು ಹೊರತಳ್ಳುತ್ತದೆ. ಇಯರ್‌ಬಡ್, ಹೇರ್‌ಪಿನ್ ಹಾಕಿದರೆ ಹೊರಬರುತ್ತಿದ್ದ ಗುಗ್ಗೆ ಒಳಗೇ ಗಟ್ಟಿಯಾಗುತ್ತದೆ. ಮೋಲ್ಡ್ ಹಾಕುವವರಲ್ಲಿ ಈ ಹೊರದಾರಿಗೆ ತಡೆ ಬೀಳುವುದರಿಂದ, ಆಗಾಗ ಇಎನ್‌ಟಿ ವೈದ್ಯರಿಂದ ಕಿವಿ ನೋಡಿಸಿಕೊಳ್ಳಬೇಕು.

● ಕಿವಿಯೊಳಗೆ ಕೂರುವ ಸ್ಪೀಕರಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟಿರುವ ಬಿಳಿ ಜರಡಿ ಇದೆ. ಅದೇ ವ್ಯಾಕ್ಸ್ ಗಾರ್ಡ್. ಬದಲಿಸಲು ಕೊಡುವ ಪುಟ್ಟ ಕಡ್ಡಿಯ ಒಂದು ತುದಿ ಬೋಳು, ಇನ್ನೊಂದರಲ್ಲಿ ಹೊಸ ಜರಡಿ. ಬೋಳು ತುದಿಯನ್ನು ಹಳೆಯದಕ್ಕೆ ನೇರ ಒತ್ತಿ ಎಳೆದರೆ ಅದು ಕಡ್ಡಿಗೆ ಅಂಟಿ ಬರುತ್ತದೆ. ಕಡ್ಡಿ ತಿರುಗಿಸಿ ಹೊಸದನ್ನು ಅದೇ ಜಾಗಕ್ಕೆ ಒತ್ತಿದರೆ ಅಲ್ಲೇ ಕೂರುತ್ತದೆ. ಅರ್ಧ ನಿಮಿಷದ ಕೆಲಸ. ದನಿ ಕುಗ್ಗಿದಾಗ ಸೆಲ್ ಬದಲಿಸಿದರೂ ಸರಿಹೋಗದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

● ಕಿವಿ ಹಿಂದೆ ಕೂರುವ ಸಾಧನದ ಮೋಲ್ಡನ್ನು ಮಾತ್ರ ತೊಳೆಯಬಹುದು. ನಳಿಗೆಯ ಸಮೇತ ಯಂತ್ರದಿಂದ ಬೇರ್ಪಡಿಸಿ, ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು, ಬ್ಲೋಅರ್‌ನಿಂದ ನಳಿಗೆಯೊಳಗಿನ ನೀರಹನಿ ಊದಿ ತೆಗೆದು, ರಾತ್ರಿಯಿಡೀ ಒಣಗಿಸಿ. ನಳಿಗೆಯಲ್ಲಿ ಒಂದೇ ಹನಿ ಉಳಿದರೂ ಶಬ್ದ ದಾಟುವುದಿಲ್ಲ. ತುದಿಯಲ್ಲೇ ಸ್ಪೀಕರ್ ಇರುವ ಮಾದರಿಗೂ ಕಿವಿಯೊಳಗಿನ ಮಾದರಿಗೂ ನೀರು ಸೋಕಿಸಬಾರದು. ಅವಕ್ಕೆ ಒಣ ಬಟ್ಟೆ, ಮೆತ್ತನೆ ಬ್ರಷ್ ಮಾತ್ರ. ಸ್ಪಿರಿಟ್, ಸ್ಯಾನಿಟೈಸರ್ ಯಾವುದಕ್ಕೂ ಬೇಡ.

● ಬ್ರಷ್ ಮಾಡುವಾಗ ಸಾಧನದ ಬಾಯಿ ಕೆಳಗಿರಲಿ. ಮೇಲ್ಮುಖವಾಗಿ ಹಿಡಿದು ಉಜ್ಜಿದರೆ ಕಿತ್ತುಬಂದ ಗುಗ್ಗೆ ಮತ್ತೆ ಒಳಗೇ ಬೀಳುತ್ತದೆ. ಕೈಜಾರಿದರೂ ಒಡೆಯದಂತೆ ಹಾಸಿಗೆಯ ಮೇಲೋ ಮಡಚಿದ ಟವೆಲ್ ಮೇಲೋ ಈ ಕೆಲಸ ಮಾಡಿ.

● ಮೋಲ್ಡಿನ ಮೆತ್ತನೆ ನಳಿಗೆ ಕೆಲವು ತಿಂಗಳಲ್ಲಿ ಹಳದಿಯಾಗಿ ಗಡುಸಾಗುತ್ತದೆ. ಹಾಗಾದರೆ ದನಿಯೂ ಕೆಡುತ್ತದೆ, ಕುಯ್‌ಗುಟ್ಟುವುದೂ ಶುರುವಾಗುತ್ತದೆ. ನಳಿಗೆ ಬದಲಿಸುವುದು ಅಗ್ಗದ, ಸಣ್ಣ ಕೆಲಸ. ಇಷ್ಟಕ್ಕೇ ಹೊಸ ಮಷಿನ್ ಕೊಳ್ಳಬೇಕಿಲ್ಲ.

● ಕರಾವಳಿಯ ಬೆವರು, ಮಲೆನಾಡಿನ ಮಳೆಗಾಲ ಎರಡೂ ಈ ಯಂತ್ರಕ್ಕೆ ಕಷ್ಟದ ಕಾಲ. ರಾತ್ರಿ ಸೆಲ್ ಹೊರತೆಗೆದು, ಬಾಗಿಲು ತೆರೆದಿಟ್ಟು, ಸಿಲಿಕಾ ಜೆಲ್ ಇರುವ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಹರಳುಗಳ ಬಣ್ಣ ಬದಲಾದರೆ ಅವು ತೇವ ಹೀರಿ ಸಾಕಾಗಿವೆ ಎಂದರ್ಥ, ಬದಲಿಸಬೇಕು ಅಥವಾ ಸೂಚನೆಯಂತೆ ಬಿಸಿಮಾಡಿ ಒಣಗಿಸಬೇಕು. ಸೆಲ್ಲನ್ನು ಮಾತ್ರ ಈ ಡಬ್ಬಿಯೊಳಗೆ ಇಡಬೇಡಿ. ಯಂತ್ರಕ್ಕೆ ಒಳ್ಳೆಯದಾದ ಒಣಹವೆ ಜಿಂಕ್-ಏರ್ ಸೆಲ್ಲಿಗೆ ಕೆಟ್ಟದ್ದು.

● ನೆನೆದ ಸಾಧನವನ್ನು ಒಲೆಯ ಬಳಿ, ಬಿಸಿಲಿನಲ್ಲಿ, ಹೇರ್‌ಡ್ರೈಯರ್ ಎದುರು ಒಣಗಿಸಬೇಡಿ. ಒಳಗಿನ ಅಂಗಗಳು ಕಾವಿಗೆ ಹಾಳಾಗುತ್ತವೆ. ಒರೆಸಿ, ಸೆಲ್ ತೆಗೆದು, ಸಿಲಿಕಾ ಜೆಲ್ ಡಬ್ಬಿಗೆ ಹಾಕಿ.

● ಪೆಟ್ಟಿಗೆಯ ಮೇಲೆ ಐಪಿ68 ಎಂದಿದ್ದರೆ ಮೊದಲ ಅಂಕಿ ದೂಳಿನಿಂದ, ಎರಡನೆಯದು ನೀರಿನಿಂದ ಸಿಗುವ ರಕ್ಷಣೆಯನ್ನು ಹೇಳುತ್ತದೆ. ಬೆವರಿಗೆ, ತುಂತುರು ಮಳೆಗೆ ತಡೆಯುತ್ತದೆ ನಿಜ. ಅಷ್ಟಕ್ಕೇ ಹಾಕಿಕೊಂಡು ಸ್ನಾನ ಮಾಡಬಾರದು, ಸಮುದ್ರಕ್ಕೂ ಇಳಿಯಬಾರದು.

● ತಲೆಗೆ ಎಣ್ಣೆ, ಪೌಡರ್, ಸೆಂಟು, ಹೇರ್ ಡೈ, ಬಾಚಣಿಗೆ, ಅಂಗಿ ಎಲ್ಲ ಮುಗಿದ ಮೇಲೆ ಮಷಿನ್. ಬೆಳಿಗ್ಗೆ ಎಲ್ಲಕ್ಕಿಂತ ಕೊನೆಗೆ ಹಾಕಿ, ರಾತ್ರಿ ಎಲ್ಲಕ್ಕಿಂತ ಮೊದಲು ತೆಗೆಯಿರಿ. ಎಂಆರ್‌ಐ ಕೋಣೆಗೆ ಹೋಗುವ ಮುನ್ನ ಕಡ್ಡಾಯವಾಗಿ ತೆಗೆದಿಡಿ.

● ನಾಯಿ ಸಾಕಿದ್ದೀರಾ? ಜೋಪಾನ. ಗುಗ್ಗೆಯ ವಾಸನೆಗೂ ಕುಯ್ ಎನ್ನುವ ದನಿಗೂ ನಾಯಿಗಳು ಮರುಳಾಗುತ್ತವೆ. ಮೇಜಿನ ಮೇಲೆ ಬಿಟ್ಟ ಮಷಿನ್ ಅಗಿದುಹಾಕಿದ ಪ್ರಸಂಗಗಳನ್ನು ಆಡಿಯಾಲಜಿಸ್ಟ್‌ಗಳು ಎಲ್ಲ ದೇಶಗಳಲ್ಲೂ ಹೇಳುತ್ತಾರೆ.

ಕುಯ್ ಎಂದರೆ ಏನು ಮಾಡಬೇಕು?

● ಸ್ಪೀಕರಿನಿಂದ ಹೊರಟ ಶಬ್ದ ಕಿವಿಯಿಂದ ಸೋರಿ ಮತ್ತೆ ಮೈಕಿಗೆ ಹೊಕ್ಕರೆ ಕುಯ್‌ಗುಟ್ಟುತ್ತದೆ. ಸಭೆಯಲ್ಲಿ ಧ್ವನಿವರ್ಧಕ ಕಿರುಚುವುದಕ್ಕೂ ಕಾರಣ ಇದೇ.

● ಈ ಕ್ರಮದಲ್ಲಿ ನೋಡಿ: ಮೋಲ್ಡ್ ಸರಿಯಾಗಿ ತಿರುಗಿಸಿ ಕೂರಿಸಿದ್ದೀರಾ? ಮಫ್ಲರ್, ಹೆಲ್ಮೆಟ್, ದಿಂಬು ಮೈಕಿಗೆ ತಾಗುತ್ತಿದೆಯೇ? ವಾಲ್ಯೂಮ್ ಬೇಕಾದ್ದಕ್ಕಿಂತ ಹೆಚ್ಚಾಗಿದೆಯೇ? ನಳಿಗೆ ಸೀಳಿದೆಯೇ? ಕಿವಿಯಲ್ಲಿ ಗುಗ್ಗೆ ತುಂಬಿದೆಯೇ? ಎಲ್ಲ ಸರಿಯಿದ್ದರೂ ನಿಲ್ಲದಿದ್ದರೆ ಮೋಲ್ಡ್ ಸಡಿಲವಾಗಿದೆ. ಮೈ ಇಳಿದಾಗ, ವಯಸ್ಸಾದಾಗ ಕಿವಿಯ ಆಕಾರವೂ ಬದಲಾಗುತ್ತದೆ, ಹೊಸ ಮೋಲ್ಡ್ ಮಾಡಿಸಬೇಕು.

● ಇದೇ ದನಿ ಪರೀಕ್ಷೆಗೂ ಬರುತ್ತದೆ. ಆನ್ ಮಾಡಿದ ಮಷಿನನ್ನು ಅಂಗೈಯಲ್ಲಿಟ್ಟು ಮುಷ್ಟಿ ಹಿಡಿಯಿರಿ. ಕುಯ್ ಎಂದರೆ ಜೀವವಿದೆ. ದನಿಯೇ ಇಲ್ಲದಿದ್ದರೆ ಸೆಲ್, ಆಮೇಲೆ ವ್ಯಾಕ್ಸ್ ಗಾರ್ಡ್ ನೋಡಿ. ಕೆಲವು ಹೊಸ ಸಾಧನಗಳಲ್ಲಿ ಕುಯ್ ತಡೆಯುವ ವ್ಯವಸ್ಥೆ ಇರುವುದರಿಂದ ಸದ್ದು ಕ್ಷೀಣವಾಗಿರಬಹುದು.

ಪುಟಾಣಿ ಕಿವಿಗಳಿಗೆ

● ಜಗತ್ತಿನ ತಜ್ಞರು ಒಪ್ಪಿದ ಸೂತ್ರ 1-3-6. ಮಗು ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ದೋಷದ ಖಚಿತ ಪತ್ತೆ, 6 ತಿಂಗಳೊಳಗೆ ಸಾಧನ ಮತ್ತು ತರಬೇತಿ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂದು ಕಾಯುತ್ತ ಕೂತರೆ ಮಗು ಮಾತು ಕಲಿಯುವ ಅಮೂಲ್ಯ ಕಾಲ ಕೈತಪ್ಪುತ್ತದೆ.

● ಹಸುಗೂಸಿನ ಕಿವಿ ಎಷ್ಟು ಬೇಗ ಬೆಳೆಯುತ್ತದೆಂದರೆ, ಮೊದಲ ವರ್ಷದಲ್ಲಿ ಕೆಲವೇ ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕಾಗುತ್ತದೆ. ಮಷಿನ್ ಅದೇ, ಬದಲಾಗುವುದು ಮೋಲ್ಡ್ ಮಾತ್ರ.

● ಆ, ಈ, ಊ, ಮ್, ಶ್, ಸ್. ಡೇನಿಯಲ್ ಲಿಂಗ್ ಎಂಬ ತಜ್ಞರು ರೂಪಿಸಿದ ಈ ಆರು ದನಿಗಳು ಮಾತಿನ ತಗ್ಗಿನ ಆವರ್ತನದಿಂದ ಮೇಲಿನದರವರೆಗೆ ಹರಡಿವೆ. ಬೆಳಿಗ್ಗೆ ಮಷಿನ್ ಹಾಕಿದ ಮೇಲೆ ಮಗುವಿಗೆ ಬಾಯಿ ಕಾಣದಂತೆ ಒಂದೊಂದನ್ನೇ ಹೇಳಿ. ನಿನ್ನೆ ಕೇಳಿದ ‘ಸ್’ ಇಂದು ಕೇಳಿಸದಿದ್ದರೆ ಯಂತ್ರವನ್ನೋ ಕಿವಿಯನ್ನೋ ತೋರಿಸಬೇಕು. ಖರ್ಚಿಲ್ಲದ, ಒಂದು ನಿಮಿಷದ ಪರೀಕ್ಷೆ.

● ಕಿವಿ ಸೋರುತ್ತಿರುವಾಗ ಮೋಲ್ಡಿನಿಂದ ಮುಚ್ಚಬಾರದು. ಮೊದಲು ಚಿಕಿತ್ಸೆ. ಸದಾ ಸೋರುವ ಕಿವಿಗೆ, ನಾಳವೇ ಇಲ್ಲದೆ ಹುಟ್ಟಿದವರಿಗೆ ತಲೆಬುರುಡೆಯ ಮೂಳೆಯ ಮೂಲಕ ಶಬ್ದ ಮುಟ್ಟಿಸುವ ಸಾಧನಗಳಿವೆ.

ಹಳೆಯ ಕಥೆ, ಹೊಸ ಯಂತ್ರ

● ಸಂಗೀತಗಾರ ಬೀಥೋವನ್ ಬಳಸಿದ ಕಿವಿ ಕಹಳೆಗಳು ಇಂದಿಗೂ ಜರ್ಮನಿಯ ಬಾನ್ ನಗರದ ಅವನ ಜನ್ಮಗೃಹದಲ್ಲಿವೆ. ಮಾಡಿಕೊಟ್ಟವನು ಮೆಟ್ರೋನೋಮ್‌ನಿಂದ ಹೆಸರಾದ ಯೋಹಾನ್ ಮೆಲ್ಜೆಲ್.

● ಪೋರ್ಚುಗಲ್ಲಿನ ದೊರೆ ಆರನೆಯ ಜಾನ್‌ಗೆ 1819ರಲ್ಲಿ ಲಂಡನ್ನಿನಿಂದ ಬಂದದ್ದು ಶ್ರವಣ ಸಿಂಹಾಸನ! ಕೈಯಾಸರೆಯ ತುದಿಗಳಲ್ಲಿ ಬಾಯ್ದೆರೆದ ಸಿಂಹಗಳು. ಬಂದವರು ಮಂಡಿಯೂರಿ ಸಿಂಹದ ಬಾಯಿಗೆ ಮಾತಾಡಿದರೆ, ದನಿ ಆಸನದೊಳಗಿನ ಕೊಳವೆಯ ಮೂಲಕ ದೊರೆಯ ಕಿವಿ ಸೇರುತ್ತಿತ್ತು.

● ಟ್ರಾನ್ಸಿಸ್ಟರ್ ಎಂದರೆ ನಮಗೆ ರೇಡಿಯೊ. ಆದರೆ ಟ್ರಾನ್ಸಿಸ್ಟರ್ ಬಳಸಿ ಮಾರುಕಟ್ಟೆಗೆ ಬಂದ ಮೊದಲ ಗ್ರಾಹಕ ವಸ್ತು 1952ರ ಕೊನೆಯ ಶ್ರವಣ ಸಾಧನ. ರೇಡಿಯೊ ಬಂದದ್ದು 1954ರಲ್ಲಿ. ಟೆಲಿಫೋನ್ ಜನಕ ಗ್ರಹಾಂ ಬೆಲ್ ಕಿವುಡರಿಗಾಗಿ ದುಡಿದವರು, ಅವರ ತಾಯಿಗೂ ಹೆಂಡತಿಗೂ ಶ್ರವಣ ದೋಷವಿತ್ತು. ಅವರ ನೆನಪಿಗೆ ಗೌರವವಾಗಿ, ಟ್ರಾನ್ಸಿಸ್ಟರ್ ಪೇಟೆಂಟ್ ಹೊಂದಿದ್ದ ಬೆಲ್ ಸಂಸ್ಥೆ ಶ್ರವಣ ಸಾಧನ ಮಾಡುವವರಿಂದ ಅದಕ್ಕೆ ರಾಯಧನ ಪಡೆಯದೆ ಬಿಟ್ಟಿತು.

● ಮೊಬೈಲು, ಕಂಪ್ಯೂಟರುಗಳ ಪ್ರಾಣವಾದ ಐಸಿ ಚಿಪ್ ಜನಬಳಕೆಗೆ ಮೊದಲು ಬಂದದ್ದೂ 1964ರ ಒಂದು ಶ್ರವಣ ಸಾಧನದಲ್ಲಿ.

● ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1983ರಲ್ಲಿ ಅಧಿಕಾರದಲ್ಲಿದ್ದಾಗಲೇ ಎಲ್ಲರೆದುರು ಮಷಿನ್ ಹಾಕಿಕೊಂಡರು. ಇಂಟರ್‌ನೆಟ್ ಜನಕರಲ್ಲಿ ಒಬ್ಬರಾದ ವಿಂಟ್ ಸರ್ಫ್ 13ನೇ ವಯಸ್ಸಿನಿಂದ ಬಳಸುತ್ತಿದ್ದಾರೆ. ನಾಚಿಕೆಗೆ ಇಲ್ಲಿ ಜಾಗವೇ ಇಲ್ಲ.

ಎಲ್ಲಿ, ಹೇಗೆ?

● ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. 1965ರಲ್ಲಿ ಶುರುವಾದ ಇಲ್ಲಿ ಪರೀಕ್ಷೆ, ಸಾಧನ, ಮೋಲ್ಡ್, ಮಾತಿನ ತರಬೇತಿ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಕನ್ನಡಿಗರ ಕಿವಿಯನ್ನು ಕನ್ನಡ ಪದಗಳಿಂದಲೇ ಪರೀಕ್ಷಿಸುವ ಪದಪಟ್ಟಿಗಳೂ ಇಲ್ಲಿ ರೂಪುಗೊಂಡಿವೆ.

● ಸಾಧನ ಕೊಳ್ಳುವ ಮುನ್ನ ಇಎನ್‌ಟಿ ವೈದ್ಯರ ತಪಾಸಣೆ, ಆಮೇಲೆ ಆಡಿಯಾಲಜಿಸ್ಟರ ಪರೀಕ್ಷೆ ಆಗಬೇಕು. ಆಡಿಯಾಲಜಿಸ್ಟರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಗ್ಯಾರಂಟಿ ಎಷ್ಟು ವರ್ಷ, ಹೊಂದಾಣಿಕೆಗೆ ಮತ್ತೆ ಹಣವೇ, ವ್ಯಾಕ್ಸ್ ಗಾರ್ಡ್ ಮತ್ತು ನಳಿಗೆ ಊರಲ್ಲೇ ಸಿಗುತ್ತವೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿ.

● ಕಡಿಮೆ ಆದಾಯದ ಅಂಗವಿಕಲರಿಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ ಶ್ರವಣ ಸಾಧನ ಉಚಿತವಾಗಿಯೋ ರಿಯಾಯಿತಿಯಲ್ಲೋ ಸಿಗುತ್ತದೆ. ಇದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ, ಆದಾಯ ದಾಖಲೆ ಬೇಕು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

● 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ ಮಾತಿನ ಆವರ್ತನಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, 70 ಡೆಸಿಬಲ್ ನಷ್ಟವಿದ್ದರೆ ಕಿವುಡು. ಸಾಧನ ಬೇಕಾಗುವುದು ಮಾತ್ರ ಇದಕ್ಕಿಂತ ಬಹಳ ಮೊದಲೇ. ಪ್ರಮಾಣಪತ್ರಕ್ಕಾಗಿ ಕಾಯುತ್ತ ಕೂರಬೇಡಿ.

● ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಜನರಿಗೆ ಶ್ರವಣ ಪುನರ್ವಸತಿ ಬೇಕಿದೆ. ಸಾಧನ ಬೇಕಾದವರಲ್ಲಿ ಐವರಲ್ಲಿ ಒಬ್ಬರಿಗೂ ಅದು ದಕ್ಕಿಲ್ಲ. ಮಾರ್ಚ್ 3 ವಿಶ್ವ ಶ್ರವಣ ದಿನ. 3.3 ಎಂದು ಬರೆದರೆ ಎರಡು ಕಿವಿಗಳ ಆಕಾರ ಕಾಣುತ್ತದೆ, ದಿನಾಂಕದ ಆಯ್ಕೆಗೆ ಕಾರಣ ಅದೇ.

● ಕಿವಿ ಮಂದವಾಗುವುದು ಮರೆಗುಳಿ ರೋಗದ ಅಪಾಯ ಹೆಚ್ಚಿಸುವ, ಆದರೆ ನಾವು ತಿದ್ದಬಹುದಾದ ಕಾರಣಗಳಲ್ಲಿ ಒಂದು ಎಂದು ಲಾನ್ಸೆಟ್ ಆಯೋಗ ಹೇಳಿದೆ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಕಾಣದಿದ್ದರೂ, ಹೆಚ್ಚು ಅಪಾಯದಲ್ಲಿದ್ದ ಹಿರಿಯರಲ್ಲಿ ಶ್ರವಣ ಚಿಕಿತ್ಸೆಯಿಂದ ಮೂರು ವರ್ಷಗಳಲ್ಲಿ ಬುದ್ಧಿಶಕ್ತಿಯ ಕುಸಿತ 48% ನಿಧಾನವಾಯಿತು.

ಮನೆಯವರಿಗೆ

● ಮಷಿನ್ ಹಾಕಿದವರ ಕಿವಿಯ ಬಳಿ ಕಿರುಚಬೇಡಿ. ಯಂತ್ರ ಈಗಾಗಲೇ ಹೆಚ್ಚಿಸಿದ ದನಿ ಒಡೆದು ಕೇಳಿಸುತ್ತದೆ, ನೋವೂ ಆಗುತ್ತದೆ. ಒಂದು ಮೀಟರ್ ದೂರದಲ್ಲಿ, ಮುಖದ ಮೇಲೆ ಬೆಳಕು ಬೀಳುವಂತೆ ನಿಂತು, ಸಹಜ ದನಿಯಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡಿ.

● ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಡುಗೆಮನೆಯಿಂದ ಕೂಗಿ ‘ಮಷಿನ್ ಹಾಕಿದ್ರೂ ಕೇಳಲ್ಲ’ ಎನ್ನುವ ಬದಲು ನಾಲ್ಕು ಹೆಜ್ಜೆ ಹತ್ತಿರ ಬನ್ನಿ.

● ಹೇಳಿದ್ದು ತಿಳಿಯದಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳದೆ ಬೇರೆ ಪದ ಬಳಸಿ. ‘ಬಿಡಿ, ಏನಿಲ್ಲ’ ಎಂದು ಮಾತು ಮುರಿಯಬೇಡಿ. ಕಿವಿ ಮಂದವಾದವರನ್ನು ಅತಿ ಹೆಚ್ಚು ನೋಯಿಸುವ ಮಾತು ಅದು.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯ ಬೀರುವಿನಲ್ಲಿ ಬಳಸದೆ ಬಿಟ್ಟ ಕಿವಿ ಮಷಿನ್ ಇದ್ದರೆ ಈ ಭಾನುವಾರವೇ ಹೊರತೆಗೆಯಿರಿ. ಹೊಸ ಸೆಲ್ ಹಾಕಿ, ಜರಡಿ ಬದಲಿಸಿ, ನಳಿಗೆ ನೋಡಿ. ಆದರೂ ದನಿ ಬಾರದಿದ್ದರೆ ಅದನ್ನೂ, ಅದನ್ನು ಹಾಕಿಕೊಳ್ಳಬೇಕಾದ ಹಿರಿಯರನ್ನೂ ಒಟ್ಟಿಗೇ ಆಡಿಯಾಲಜಿಸ್ಟ್ ಬಳಿ ಕರೆದುಕೊಂಡು ಹೋಗಿ. ಎಷ್ಟೇ ಬೆಲೆಯ ಸಾಧನವಾದರೂ ಕಿವಿಯಲ್ಲಿದ್ದರೆ ಮಾತ್ರ ಪ್ರಯೋಜನ.